ಗಣಕದ ಹಿಂಬದಿಯ ಇತಿಹಾಸ

ಉದ್ಯೋಗ ನಿಮಿತ್ತ ನಾಡು ಬಿಟ್ಟು ಬಂದ ನಮಗೆ ತಾಯ್ನುಡಿ ಕಿವಿಗೆ ಬೀಳುವುದೇ ಒಂದು ಭಾಗ್ಯ. ಕೊಂಡಾಪುರದ ನಮ್ಮ ಮನೆಯಲ್ಲಿ ತಾಯಿಯವರಿಗೆ ದಿನವೂ ಆಕಾಶವಾಣಿಯ ಕನ್ನಡ ಕಾರ್ಯಕ್ರಮ ಬೇಕು. ಅದು ಗಣಕದಲ್ಲಿ ಬರುತ್ತದೆ. ಆದರೆ ಗಣಕದ ಕ್ಷೀಣ ದನಿ ಅವರ ಕಿವಿಗೆ ಸಾಲದು. ಟಿ.ವಿ.ಯ ಸೌಂಡ್‌ಬಾರನ್ನೇ ಗಣಕಕ್ಕೆ ಜೋಡಿಸೋಣವೆಂದು ಎಚ್‌ಡಿಎಂಐ ತಂತಿ ಸಿಕ್ಕಿಸಿದೆ. ದನಿ ಬರಲಿಲ್ಲ. ಕಾರಣ ತಿಳಿಯಲು ಹಳೆಯ ಕಥೆಗೇ ಹೋಗಬೇಕಾಯಿತು.

1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದು. ಅದೇ ವರ್ಷ ಈ ಹೈದರಾಬಾದಿನಲ್ಲಿ ನಿಜಾಮರ ಸರ್ಕಾರದ ಡೆಕ್ಕನ್ ರೇಡಿಯೋ ನಡೆಯುತ್ತಿತ್ತು. 1950ರಲ್ಲಿ ಅದು ಅಖಿಲ ಭಾರತ ಬಾನುಲಿಗೆ ಸೇರಿತು. ಅಂದಿನ ರೇಡಿಯೋದಲ್ಲಿ ದನಿ ಹೊರಡಿಸುವ ಸ್ಪೀಕರು ಪೆಟ್ಟಿಗೆಯೊಳಗೇ ಇರುತ್ತಿತ್ತು. ಪೆಟ್ಟಿಗೆ ಬೇರೆ, ಸ್ಪೀಕರು ಬೇರೆಯಾದ ಮೇಲೆಯೇ ಜೋಡಿಸುವ ತೊಡಕು ಮನೆಗೆ ಬಂದದ್ದು.

ಇಂದಿನ ಹೆಡ್‌ಫೋನ್ ಪಿನ್ನಿನ ಪೂರ್ವಜ 19ನೆಯ ಶತಮಾನದ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿತ್ತು. ಕರೆ ಜೋಡಿಸುವವರು ಅದನ್ನು ರಂಧ್ರದಿಂದ ರಂಧ್ರಕ್ಕೆ ಚುಚ್ಚುತ್ತಿದ್ದರು. 1983ರಲ್ಲಿ ತೋಷಿಬಾ ಸಂಸ್ಥೆ ದನಿಯನ್ನು ಬೆಳಕಾಗಿ ಸಾಗಿಸುವ ಆಪ್ಟಿಕಲ್ ತಂತಿಯನ್ನು ತಂದಿತು. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ತಂತಿಯೇ ಇಲ್ಲದ ಬ್ಲೂಟೂತಿನ ಕೆಲಸ ಮೊದಲಾಯಿತು. ಹೆಸರು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತನದು. ಅವನು ಜನರನ್ನು ಒಂದುಗೂಡಿಸಿದಂತೆ ಇದು ಯಂತ್ರಗಳನ್ನು ಒಂದುಗೂಡಿಸಲಿ ಎಂಬ ಆಶಯ.

2009ರಲ್ಲಿ ಎಚ್‌ಡಿಎಂಐಗೆ 'ಎ.ಆರ್.ಸಿ.' ಎಂಬ ಅನುಕೂಲ ಸೇರಿತು. ನನ್ನ ತಪ್ಪು ಇಲ್ಲೇ ಇತ್ತು. ಆ ಕಿಂಡಿ ಟಿ.ವಿ.ಯ ದನಿಯನ್ನು ಸೌಂಡ್‌ಬಾರಿಗೆ ಒಯ್ಯಲೆಂದೇ ಇರುವುದು. ಸಾಮಾನ್ಯ ಗಣಕ ಅದರೊಳಕ್ಕೆ ದನಿ ಕಳುಹಿಸಲಾರದು. ಸೌಂಡ್‌ಬಾರಿಗೆ 'ಎಚ್‌ಡಿಎಂಐ ಇನ್' ಎಂಬ ಬೇರೆ ಕಿಂಡಿಯಿದ್ದರೆ ಮಾತ್ರ ಆ ದಾರಿ ಉಂಟು.

ಇಲ್ಲದವರಿಗೆ ಹಳೆಯ ದಾರಿಗಳೇ ಗತಿ. ಗಣಕದ ಹಿಂಬದಿಯ ಹಸಿರು ರಂಧ್ರದಿಂದ ಸೌಂಡ್‌ಬಾರಿನ 'ಆಕ್ಸ್' ರಂಧ್ರಕ್ಕೆ ಪಿನ್ ತಂತಿ ಎಳೆದರೆ ಸಾಕು. ಬ್ಲೂಟೂತ್ ಆದರೆ ತಂತಿ ಬೇಡ. ಆದರೆ ಅನೇಕ ಮೇಜಿನ ಗಣಕಗಳಲ್ಲಿ ಅದಿರುವುದಿಲ್ಲ, ಯು.ಎಸ್.ಬಿ. ಕಿಂಡಿಗೆ ಪುಟ್ಟ ಡಾಂಗಲ್ ಹಾಕಬೇಕು. ದನಿ ತುಸು ತಡವಾಗುವುದರಿಂದ ಸಿನೆಮಾದಲ್ಲಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪಬಹುದು, ಬಾನುಲಿಗೆ ಬಾಧಕವಿಲ್ಲ. ಯಾವುದನ್ನೇ ಜೋಡಿಸಿದರೂ ಗಣಕದ ಸೌಂಡ್ ಸೆಟ್ಟಿಂಗಿನಲ್ಲಿ ಸರಿಯಾದ ಸ್ಪೀಕರನ್ನು ಆರಿಸುವುದನ್ನು ಮರೆಯಬಾರದು.

ಕೊನೆಗೆ ನಮ್ಮ ಮನೆಯಲ್ಲಿ ಗೆದ್ದದ್ದು ಆ ಹಳೆಯ ಪಿನ್ನೇ. ವಾರ್ತೆ ಮುಗಿಯುವವರೆಗೂ ತಾಯಿಯವರು ಕುರ್ಚಿ ಬಿಟ್ಟು ಏಳಲಿಲ್ಲ.