ಹಲಗೂರಿನ ಕಬ್ಬಿಣ: ದಾಸ್ತಾನು, ಬೇಡಿಕೆ ಮತ್ತು ಲೆಕ್ಕದ ಒಡೆತನ

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಹಲಗೂರು ಇಂದು ಬೆಂಗಳೂರಿನಿಂದ ಕನಕಪುರದ ಮೂಲಕ ಮಳವಳ್ಳಿಗೆ ಸಾಗುವ ಹೆದ್ದಾರಿಯಲ್ಲಿರುವ ಒಂದು ಹೋಬಳಿ ಕೇಂದ್ರ. ಮುತ್ತತ್ತಿಗೆ ಹೋಗುವ ಯಾತ್ರಿಕರಿಗೆ ಅದು ದಾರಿ ತಿರುಗುವ ಊರು. ಆದರೆ ಹಳೆಯ ಮೈಸೂರು ಸೀಮೆಯ ಜನಪದರ ನೆನಪಿನಲ್ಲಿ ಹಲಗೂರೆಂದರೆ ಕಬ್ಬಿಣದ ಊರು, ಪಾಂಚಾಳರ ಊರು. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯವೇ ಈ ನೆನಪಿಗೆ ಆಧಾರ. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಈ ಮಹಾಕಾವ್ಯದ ಬೃಹತ್ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿದ ಮೇಲೆ ಅದರ ಧಾರ್ಮಿಕ ಮತ್ತು ಸಾಮಾಜಿಕ ನೆಲೆಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಹಲಗೂರಿನ ಪ್ರಸಂಗದ ಆರ್ಥಿಕ ಮುಖವು ಮಾತ್ರ ಅಷ್ಟಾಗಿ ಗಮನ ಸೆಳೆದಿಲ್ಲ.

ಪ್ರಸಂಗದ ಸಾರ ಹೀಗಿದೆ: ಪಾಂಚಾಳರ ಮನೆಯಲ್ಲಿ ಹುಟ್ಟಿದ ಕೆಂಪಾಚಾರಿಯು ಮಂಟೇಸ್ವಾಮಿಯ ಶಿಶುಮಗನಾಗಿ ಸಿದ್ಧಪ್ಪಾಜಿಯೆನಿಸಿಕೊಳ್ಳುತ್ತಾನೆ. ಗುರುವು ಅವನನ್ನು ಕಬ್ಬಿಣದ ಭಿಕ್ಷೆಗಾಗಿ ಹಲಗೂರಿಗೆ ಕಳುಹಿಸುತ್ತಾನೆ. ಅಲ್ಲಿಯ ಪಾಂಚಾಳರು ತಮ್ಮಲ್ಲಿ ಕಬ್ಬಿಣವಿಲ್ಲವೆನ್ನುತ್ತಾರೆ. ಬಂದವನನ್ನು ವಿಷವಿಕ್ಕಿ ಪರೀಕ್ಷಿಸುತ್ತಾರೆ. ಕೊನೆಗೆ ಸಿದ್ಧಪ್ಪಾಜಿಯೇ ಗೆದ್ದು ಕಬ್ಬಿಣವನ್ನು ಪಡೆಯುತ್ತಾನೆ. ಪಾಠದಿಂದ ಪಾಠಕ್ಕೆ ವಿವರಗಳು ಬೇರೆಯಾದರೂ ಘರ್ಷಣೆಯ ಕೇಂದ್ರ ಒಂದೇ: ಉಗ್ರಾಣದಲ್ಲಿ ಸರಕು ಇದೆಯೆ, ಇಲ್ಲವೆ? ಇದೆಯೆಂದು ಹೇಳಬೇಕಾದವರು ಯಾರು? ಅದನ್ನು ಕೇಳುವ ಅಧಿಕಾರ ಯಾರಿಗಿದೆ?

ಇಂದಿನ ಕಾರ್ಖಾನೆಗಳಲ್ಲಿ ಈ ಪ್ರಶ್ನೆಗಳಿಗೆ ಗಣಕಯಂತ್ರದ ತಂತ್ರಾಂಶಗಳು ಉತ್ತರ ನೀಡುತ್ತವೆ. ಕಚ್ಚಾವಸ್ತು ಎಷ್ಟಿದೆ, ಯಾವ ಬೇಡಿಕೆಗೆ ಎಷ್ಟನ್ನು ಕಾದಿರಿಸಿದೆ, ಯಾವ ಕೆಲಸದ ಆದೇಶ ಯಾರ ಕೈಯಲ್ಲಿ ಯಾವ ಹಂತದಲ್ಲಿದೆ ಎಂಬುದನ್ನು ಅವು ಒಂದೇ ಕಡೆ ತೋರಿಸುತ್ತವೆ. 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಸಾಮಗ್ರಿ ಯೋಜನೆಯ ಪದ್ಧತಿಯು ಇವುಗಳ ಮೂಲ. 1986ರಲ್ಲಿ ಆರಂಭವಾಗಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಟ್ಯಾಲಿ ಸಂಸ್ಥೆಯ ಲೆಕ್ಕದ ತಂತ್ರಾಂಶವು ಸಣ್ಣ ಉದ್ದಿಮೆದಾರರಿಗೂ ದಾಸ್ತಾನಿನ ಲೆಕ್ಕವನ್ನು ಗಣಕದಲ್ಲಿಡುವ ರೂಢಿಯನ್ನು ಕಲಿಸಿತು. ಸಾಧನ ಹೊಸದಾದರೂ ಸಮಸ್ಯೆ ಹಳೆಯದು. ಕುಲುಮೆಯೂ ಇದೇ ಲೆಕ್ಕವನ್ನು ಇಡಬೇಕಾಗಿತ್ತು.

ಹಲಗೂರಿನ ಕಬ್ಬಿಣ ಕೇವಲ ಕಾವ್ಯಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಕಬ್ಬಿಣದ ಅದಿರನ್ನು ಕರಗಿಸುವ ಮುಖ್ಯ ಪ್ರದೇಶಗಳನ್ನು ಹೆಸರಿಸುವಾಗ ಮಾಗಡಿ, ಚಿಕ್ಕನಾಯಕನಹಳ್ಳಿ, ಹೆಗ್ಗಡದೇವನಕೋಟೆ, ಅರಸೀಕೆರೆಗಳ ಜೊತೆಗೆ ಮಳವಳ್ಳಿ ತಾಲ್ಲೂಕನ್ನೂ ಸೇರಿಸುತ್ತದೆ. ಅದಿರಿನ ಕಲ್ಲಿನಿಂದಲೂ ಕರಿಮರಳಿನಿಂದಲೂ ಕಬ್ಬಿಣ ತೆಗೆಯುತ್ತಿದ್ದುದನ್ನು ಅದು ತಿಳಿಸುತ್ತದೆ. ಟಿಪ್ಪುವಿನ ಪತನಾನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಕುಲುಮೆಗಳ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿ, ಹಸಿರೆಲೆಗಳನ್ನಿಟ್ಟು ಬಾಯಿ ಮುಚ್ಚಿ ಕಾಸಿ ಉಕ್ಕು ಮಾಡುವ ವಿಧಾನವೂ ಅದರಲ್ಲಿದೆ. ಕುಲುಮೆಗೆ ಎಷ್ಟು ಆಳು, ಯಾರಿಗೆ ಎಷ್ಟು ಪಾಲು, ಬಂಡವಾಳ ಎಲ್ಲಿಂದ ಎಂಬಂಥ ವಿವರಗಳನ್ನು ಆತ ಕೇಳಿ ಬರೆದುಕೊಂಡದ್ದು ಈ ಚರ್ಚೆಗೆ ಹೆಚ್ಚು ಮುಖ್ಯವಾದುದು.

ಈ ವಿವರಗಳಿಂದ ಕುಲುಮೆಯ ಉತ್ಪಾದನಾ ವ್ಯವಸ್ಥೆಯ ಚಿತ್ರವೊಂದು ಮೂಡುತ್ತದೆ. ಕರಿಮರಳು ವರ್ಷವಿಡೀ ದೊರೆಯುವುದಲ್ಲ. ಮಳೆಯ ನೀರು ಗುಡ್ಡದಿಂದ ಕೊಚ್ಚಿ ತಂದಾಗ ಅದನ್ನು ಕೂಡಿಟ್ಟು ತೊಳೆಯಬೇಕು. ಅದಿರು ಕರಗಿಸಲು ಬೇಕಾಗುವ ಇದ್ದಿಲಿನ ಪ್ರಮಾಣ ಬಹಳ. ಅದಕ್ಕಾಗಿ ಕಾಡು ಹತ್ತಿರವಿರಬೇಕು. ತಿದಿ ಒತ್ತುವವರು, ಇದ್ದಿಲು ಸುಡುವವರು, ಕಬ್ಬಿಣದ ಮುದ್ದೆಯನ್ನು ಬಡಿದು ಹದಗೊಳಿಸುವವರು ಒಟ್ಟಿಗೆ ಸೇರದೆ ಕೆಲಸ ಸಾಗದು. ವರ್ತಕ ಮುಂಗಡ ಕೊಟ್ಟಿದ್ದರೆ ಕುಲುಮೆಯಿಂದ ಹೊರಬರುವ ಕಬ್ಬಿಣ ಬಡಿಯುವ ಮೊದಲೇ ಅವನದು. ಕಣ್ಣೆದುರಿನಲ್ಲಿ ಬಿದ್ದಿರುವ ಕಬ್ಬಿಣವೆಲ್ಲ ಕೊಡಲು ಬರುವ ಕಬ್ಬಿಣವಲ್ಲ ಎಂಬುದು ಇದರ ಅರ್ಥ. ಇಂದಿನ ಉಗ್ರಾಣ ಲೆಕ್ಕದಲ್ಲಿಯೂ ಕೈಯಲ್ಲಿರುವ ದಾಸ್ತಾನು ಬೇರೆ, ಬೇಡಿಕೆಗೆ ಮೀಸಲಾಗದೆ ಉಳಿದ ದಾಸ್ತಾನು ಬೇರೆ.

ಹಳ್ಳಿಯ ಆಯಗಾರ ಕಮ್ಮಾರನ ವ್ಯವಹಾರ ಇನ್ನೊಂದು ಬಗೆಯದು. ನೇಗಿಲಿನ ಗುಳ, ಕುಡುಗೋಲು, ಗುದ್ದಲಿಗಳನ್ನು ವರ್ಷವಿಡೀ ಹದಗೊಳಿಸಿಕೊಡುವುದಕ್ಕೆ ಸುಗ್ಗಿಯಲ್ಲಿ ಕಣದಿಂದಲೇ ಅವನಿಗೆ ಧಾನ್ಯ ಸಲ್ಲುತ್ತಿತ್ತು. ಹೊಸ ಸಲಕರಣೆಗೆ ಕಬ್ಬಿಣವನ್ನು ರೈತನೇ ತಂದುಕೊಡುವುದು ಹಲವೆಡೆ ವಾಡಿಕೆ. ಮುಂಗಾರಿನ ಮೊದಲ ಮಳೆ ಬಿದ್ದಾಗ ಊರಿನವರೆಲ್ಲರ ಕೆಲಸವೂ ಒಮ್ಮೆಗೇ ಬರುತ್ತದೆ. ಯಾರದು ಮೊದಲು, ಯಾರದು ಅನಂತರ ಎಂಬ ಸರದಿಯನ್ನು ಕಮ್ಮಾರ ನೆನಪಿನಲ್ಲಿಯೇ ನಿರ್ವಹಿಸುತ್ತಿದ್ದ. ಅಕ್ಷರವಿಲ್ಲದ ಈ ಲೆಕ್ಕಕ್ಕೆ ಮಾತೇ ದಾಖಲೆ, ನಂಬಿಕೆಯೇ ಸಹಿ. ಬರೆದಿಟ್ಟ ಲೆಕ್ಕವಿದ್ದುದು ವರ್ತಕನ ಕಡತದಲ್ಲಿ ಮತ್ತು ಶಾನುಭೋಗನ ದಫ್ತರಿನಲ್ಲಿ. ಕುಶಲಕರ್ಮಿಗಳ ಮೇಲೆ ಮೊಹತರ್ಫಾ ತೆರಿಗೆ ವಿಧಿಸುತ್ತಿದ್ದ ಕಾಲದಲ್ಲಿ ಅಂಥ ಎಣಿಕೆ ಕಮ್ಮಾರನ ಹಿತಕ್ಕಾಗಿ ನಡೆಯುತ್ತಿರಲಿಲ್ಲ.

ಈ ಹಿನ್ನೆಲೆಯಲ್ಲಿ ಪಾಂಚಾಳರ ‘ಇಲ್ಲ’ ಎಂಬ ಮಾತನ್ನು ಮತ್ತೊಮ್ಮೆ ಓದಬೇಕಾಗುತ್ತದೆ. ಕಾವ್ಯದ ದೃಷ್ಟಿಯಲ್ಲಿ ಅದು ಅಹಂಕಾರ ಮತ್ತು ಸುಳ್ಳು. ಕುಲುಮೆಯ ದೃಷ್ಟಿಯಿಂದ ನೋಡಿದರೆ, ಮುಂಗಡವಿಲ್ಲದೆ, ಬೆಲೆಯಿಲ್ಲದೆ, ಭಿಕ್ಷೆಯೆಂಬ ಹೆಸರಿನಲ್ಲಿ ಬಂದ ಬೇಡಿಕೆಗೆ ತನ್ನ ದಾಸ್ತಾನನ್ನು ತೆರೆದು ತೋರಿಸಲು ಒಪ್ಪದ ಉತ್ಪಾದಕನ ಆತ್ಮರಕ್ಷಣೆಯೂ ಅದರಲ್ಲಿ ಇರಬಹುದು. ಆದರೆ ಇಷ್ಟಕ್ಕೇ ನಿಂತರೆ ಕಾವ್ಯಕ್ಕೆ ಅನ್ಯಾಯವಾಗುತ್ತದೆ. ಇದನ್ನು ಹಾಡಿ ಉಳಿಸಿಕೊಂಡವರೂ ಕೇಳಿ ನಡೆದುಕೊಂಡವರೂ ಬಹುಪಾಲು ನೆಲ ಅಗೆದು ಬದುಕುವ ಜನ. ಕಬ್ಬಿಣವಿಲ್ಲದೆ ಅವರಿಗೆ ಉಳುಮೆಯಿಲ್ಲ, ಉಳುಮೆಯಿಲ್ಲದೆ ಅನ್ನವಿಲ್ಲ. ಕಬ್ಬಿಣವನ್ನು ಬಚ್ಚಿಟ್ಟವನು ಅವರ ಕಣ್ಣಿಗೆ ಅನ್ನವನ್ನೇ ಬಚ್ಚಿಟ್ಟವನು. ಈ ಎರಡು ನ್ಯಾಯಗಳ ನಡುವೆ ಕಾವ್ಯವು ಪಾಂಚಾಳರ ಮಗನನ್ನೇ ಭಿಕ್ಷುಕನನ್ನಾಗಿ ನಿಲ್ಲಿಸಿರುವುದು ಅರ್ಥಪೂರ್ಣ. ಹೊರಗಿನ ಅಧಿಕಾರಿಗೆ ತೆರೆಯದ ಉಗ್ರಾಣ ಒಳಗಿನ ಸಂಬಂಧಿಗೆ ತೆರೆಯಬೇಕಾಗುತ್ತದೆ.

ಮುಂದೆ ಈ ಕುಲುಮೆಗಳು ನಂದಿದ್ದು ಶಾಪದಿಂದಲ್ಲ. ಮೈಸೂರಿನಲ್ಲಿ 1864ರಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾದ ಮೇಲೆ ಇದ್ದಿಲಿಗೆ ಕಾಡು ಮೊದಲಿನಂತೆ ತೆರೆದಿರಲಿಲ್ಲ. ಹಡಗಿನಲ್ಲಿ ಬಂದ ಅಗ್ಗದ ವಿಲಾಯಿತಿ ಕಬ್ಬಿಣ ಪೇಟೆಯನ್ನು ತುಂಬಿತು. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯ ಫಲವಾಗಿ 1923ರಲ್ಲಿ ಭದ್ರಾವತಿಯ ಕಾರ್ಖಾನೆಯು ಮತ್ತೆ ಇದ್ದಿಲಿನಿಂದಲೇ ಕಬ್ಬಿಣ ತಯಾರಿಸಲು ತೊಡಗಿದಾಗ, ಲೆಕ್ಕವೆಲ್ಲವೂ ಕಚೇರಿಯ ಪುಸ್ತಕಕ್ಕೆ ಬಂದಿತ್ತು. ಕಮ್ಮಾರನ ನೆನಪಿಗೆ ಅಲ್ಲಿ ಸ್ಥಾನವಿರಲಿಲ್ಲ.

ತಂತ್ರಾಂಶದ ಪರದೆಯ ಮೇಲಿನ ಅಂಕಿ ಸತ್ಯವೆನಿಸುವುದು ಕೆಲಸದ ಜಾಗದಲ್ಲಿರುವ ಮನುಷ್ಯ ಸತ್ಯವನ್ನು ನಮೂದಿಸಿದಾಗ ಮಾತ್ರ. ಲೆಕ್ಕ ತನಗೂ ನೆರವಾಗುತ್ತದೆಯೆಂಬ ಭರವಸೆ ಅವನಿಗಿಲ್ಲದಿದ್ದರೆ ಯಾವ ಯಂತ್ರವೂ ಅವನ ಉಗ್ರಾಣವನ್ನು ಪೂರ್ತಿಯಾಗಿ ಎಣಿಸಲಾರದು. ಹಲಗೂರಿನ ಪ್ರಸಂಗ ಈ ಮಾತನ್ನು ತನ್ನದೇ ಪರಿಭಾಷೆಯಲ್ಲಿ ಹೇಳಿದೆ. ಪ್ರತಿವರ್ಷ ಜನವರಿಯ ಹುಣ್ಣಿಮೆಯ ಸುಮಾರಿಗೆ ಚಿಕ್ಕಲ್ಲೂರಿನ ಸಿದ್ಧಪ್ಪಾಜಿ ಗದ್ದುಗೆಯಲ್ಲಿ ಚಂದ್ರಮಂಡಲ ಉರಿಯುವಾಗ ಸೇರುವ ಜನ ಆ ಕಬ್ಬಿಣದ ಭಿಕ್ಷೆಯನ್ನು ಇಂದಿಗೂ ನೆನೆಯುತ್ತಾರೆ. ಮಳವಳ್ಳಿ ಸೀಮೆಯಲ್ಲಿ ಕಿಟ್ಟದ ಕುರುಹುಗಳ ಸರ್ವೇಕ್ಷಣೆ ಮತ್ತು ಕಮ್ಮಾರ ಕುಟುಂಬಗಳ ಮೌಖಿಕ ಲೆಕ್ಕಪದ್ಧತಿಯ ಸಂಗ್ರಹ ಜೊತೆಜೊತೆಯಾಗಿ ನಡೆದರೆ, ಕಾವ್ಯದಲ್ಲಿ ಸುಳ್ಳುಗಾರರೆನಿಸಿಕೊಂಡವರ ಕಡೆಯ ಮಾತೂ ನಮ್ಮ ಚರಿತ್ರೆಯೊಳಗೆ ಸೇರುತ್ತದೆ.