ಅಂಗೈಯ ಮೇಲಿನ ಇವ್ರೇಯಾ

ಬೆಂಗಳೂರಿನ ಪುರಭವನಕ್ಕೆ ಅನತಿದೂರದಲ್ಲಿರುವ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳಲ್ಲಿ, ರೆಸಿಸ್ಟರು ಕೆಪಾಸಿಟರುಗಳ ಡಬ್ಬಿಗಳೂ ತಂತಿಯ ಸುರುಳಿಗಳೂ ಹಳೆಯ ಕಂಪ್ಯೂಟರುಗಳ ಬಿಡಿಭಾಗಗಳೂ ಒಂದರ ಮೇಲೊಂದು ಒಟ್ಟಿಕೊಂಡಿರುವ ಸಂದಣಿಯ ನಡುವೆ, ಅಂಗೈಯಗಲದ ನೀಲಿ ಹಲಗೆಯೊಂದನ್ನು ಇಲೆಕ್ಟ್ರಾನಿಕ್ಸಿನ ಹವ್ಯಾಸವುಳ್ಳವರೆಲ್ಲರೂ ಕಂಡಿರುತ್ತಾರೆ. ಮೊದಲ ಬಾರಿಗೆ ಯಾವ ಬೋರ್ಡನ್ನು ಕೊಳ್ಳಬೇಕೆಂದು ತಿಳಿಯದೆ ನಿಂತ ಹುಡುಗನ ಕೈಗೆ ಅಂಗಡಿಯವರು ತೆಗೆದುಕೊಡುವುದು ಬಹುಮಟ್ಟಿಗೆ ಅದನ್ನೇ. ಅದರ ಮೊದಮೊದಲ ಮಾದರಿಗಳನ್ನು ಮಗುಚಿ ನೋಡಿದವರಿಗೆ, ಬೆನ್ನಿನ ಮೇಲೆ ಇಟಲಿ ದೇಶದ ಪುಟ್ಟ ನಕಾಶೆಯೊಂದು ಅಚ್ಚಾಗಿರುವುದು ಕಾಣಿಸುತ್ತದೆ. ಸಿಲಿಕಾನಿನ ವಿದ್ಯೆಗೆ ತವರೆಂದು ಹೆಸರಾದ ಕ್ಯಾಲಿಫೋರ್ನಿಯಾವನ್ನು ಬಿಟ್ಟು ಇಟಲಿಯೇಕೆ ಅಲ್ಲಿ ಬಂದು ಕುಳಿತಿತು? ಆ ನಕಾಶೆಯ ವೃತ್ತಾಂತವನ್ನು ವಿಚಾರಿಸಿ ತಿಳಿದವನಿಗೆ, ಹಲಗೆಯನ್ನು ಆರಿಸುವುದು ಹೇಗೆಂಬ ಇಂದಿನ ಪ್ರಶ್ನೆಯ ಉತ್ತರವೂ ಅದರೊಡನೆಯೇ ದೊರೆಯುವುದೆಂದು ನನ್ನ ನಂಬಿಕೆ.

ಆಲ್ಪ್ಸ್ ಪರ್ವತಗಳ ಬುಡದಲ್ಲಿ, ಟೂರಿನ್ ನಗರದ ಉತ್ತರಕ್ಕೆ, ಇವ್ರೇಯಾ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿ ೧೯೦೮ರಲ್ಲಿ ಕಮಿಲ್ಲೋ ಒಲಿವೆಟ್ಟಿ ಎಂಬ ಇಂಜಿನಿಯರು ಟೈಪ್‌ರೈಟರಿನ ಕಾರ್ಖಾನೆಯೊಂದನ್ನು ಸ್ಥಾಪಿಸಿದನು. ಆತನ ಮಗ ಅದ್ರಿಯಾನೋ, ಕಾರ್ಖಾನೆಯೆಂಬುದು ಕೇವಲ ವಸ್ತುಗಳನ್ನು ಉತ್ಪಾದಿಸುವ ಸ್ಥಳವಾಗಿರದೆ ಮನುಷ್ಯರ ಜೀವನವನ್ನು ಹಸನುಗೊಳಿಸುವ ಸ್ಥಳವೂ ಆಗಿರಬೇಕೆಂಬ ದೃಢವಾದ ಭಾವನೆಯುಳ್ಳವನಾಗಿ, ಕೆಲಸಗಾರರಿಗೆ ಗ್ರಂಥಾಲಯವನ್ನೂ ಅವರ ಮಕ್ಕಳಿಗೆ ಶಿಶುವಿಹಾರವನ್ನೂ ವಾಸಕ್ಕೆ ಮನೆಗಳನ್ನೂ ಕಟ್ಟಿಸಿಕೊಟ್ಟನು. ಯಂತ್ರದ ಒಳಗಣ ರಚನೆಗೆ ಸಲ್ಲುವಷ್ಟೇ ಗಮನವು ಅದನ್ನು ಮುಟ್ಟುವ ಬೆರಳಿನ ಸುಖಕ್ಕೂ ಸಲ್ಲಬೇಕೆಂದು ಶಿಲ್ಪಿಗಳನ್ನೂ ಚಿತ್ರಕಾರರನ್ನೂ ಕರೆದು ಕೆಲಸಕ್ಕಿಟ್ಟುಕೊಂಡನು. ೧೯೫೦ರಲ್ಲಿ ಹೊರಬಂದ ಲೆತ್ತೆರಾ ೨೨ ಎಂಬ ಕೈಯಲ್ಲಿ ಹಿಡಿದೊಯ್ಯಬಹುದಾದ ಟೈಪ್‌ರೈಟರು ಆ ಭಾವನೆಯ ಫಲ. ೧೯೬೫ರಲ್ಲಿ ಪೆರೋತ್ತೋ ಎಂಬ ಇಂಜಿನಿಯರು ಸಿದ್ಧಪಡಿಸಿದ ಪ್ರೊಗ್ರಾಮ್ಮಾ ೧೦೧ ಮತ್ತೊಂದು ಫಲ. ಕೋಣೆಗಳನ್ನೇ ತುಂಬುತ್ತಿದ್ದ ಗಣಕಯಂತ್ರಗಳ ಕಾಲದಲ್ಲಿ ಅದು ಮೇಜಿನ ಮೇಲೆ ಕುಳಿತು, ಒಬ್ಬನೇ ಮನುಷ್ಯನ ಆಜ್ಞೆಗೆ ಕಾದಿತ್ತು. ವಿಶೇಷ ಪರಿಣತಿಯಿಲ್ಲದ ಸಾಮಾನ್ಯನ ಕೈಗೂ ಯಂತ್ರವು ಒಗ್ಗಬೇಕೆಂಬ ಈ ಸಂಸ್ಕಾರ ಆ ಊರಿನ ಗಾಳಿಯಲ್ಲಿ ನೆಲಸಿತ್ತೆಂಬುದನ್ನು ನಾವು ನೆನಪಿಡಬೇಕು. ಯುನೆಸ್ಕೋ ಸಂಸ್ಥೆಯು ೨೦೧೮ರಲ್ಲಿ ಇವ್ರೇಯಾವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಇಪ್ಪತ್ತನೆಯ ಶತಮಾನದ ಕೈಗಾರಿಕಾ ನಗರವೆಂಬ ಕಾರಣದಿಂದಲೇ.

ಇತ್ತ ಅಮೆರಿಕದಲ್ಲಿ ಬೇರೊಂದು ಕಥೆ ಬೆಳೆಯುತ್ತಿತ್ತು. ೧೯೭೧ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ ೪೦೦೪ ಎಂಬ ಮೈಕ್ರೋಪ್ರೊಸೆಸರಿನ ನಿರ್ಮಾಪಕರಲ್ಲಿ ಮುಖ್ಯನಾದ ಫೆದೆರಿಕೋ ಫಜ್ಜಿನ್, ತಾರುಣ್ಯದಲ್ಲಿ ಒಲಿವೆಟ್ಟಿಯಲ್ಲಿ ಕೆಲಸ ಕಲಿತ ಇಟಲಿಯವನು. ಲೆಕ್ಕ ಮಾಡುವ ಭಾಗ, ನೆನಪಿನ ಭಾಗ, ಹೊರಜಗತ್ತಿನೊಡನೆ ವ್ಯವಹರಿಸುವ ಭಾಗ, ಈ ಮೂರೂ ಒಂದೇ ಚಿಪ್ಪಿನೊಳಗೆ ಅಡಗಿದಾಗ ಅದಕ್ಕೆ ಮೈಕ್ರೋಕಂಟ್ರೋಲರೆಂದು ಹೆಸರಾಯಿತು. ೧೯೭೪ರಿಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನವರ ಟಿಎಂಎಸ್ ೧೦೦೦ ಮಾರುಕಟ್ಟೆಯಲ್ಲಿ ದೊರೆಯತೊಡಗಿತು. ೧೯೮೦ರಲ್ಲಿ ಇಂಟೆಲಿನ ೮೦೫೧ ಬಂದಿತು. ನಲವತ್ತು ಕಾಲುಗಳ ಆ ಕರಿಯ ಚಿಪ್ಪಿನಲ್ಲಿ ೪ ಕಿಲೋಬೈಟಿನ ಸ್ಥಿರಸ್ಮೃತಿಯೂ ೧೨೮ ಬೈಟುಗಳ ಚರಸ್ಮೃತಿಯೂ ಮಾತ್ರ ಇದ್ದುವು. ಆದರೂ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹಲವು ತಲೆಮಾರುಗಳು ಈ ವಿದ್ಯೆಗೆ ಅಕ್ಷರಾಭ್ಯಾಸ ಮಾಡಿದ್ದು ಅದರ ಮುಂದೆಯೇ.

ಆ ಕಾಲದಲ್ಲಿ ಚಿಪ್ಪಿನ ಬೆಲೆ ಅಂಥ ಅಡ್ಡಿಯಾಗಿರಲಿಲ್ಲ. ಮನಸ್ಸಿನಲ್ಲಿ ಮೂಡಿದ ಆಲೋಚನೆಯನ್ನು ಚಿಪ್ಪಿನೊಳಕ್ಕೆ ಸಾಗಿಸುವ ದಾರಿಯೇ ದುಬಾರಿಯಾಗಿತ್ತು. ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ಇಳಿಸಲು ಪ್ರೋಗ್ರಾಮರೆಂಬ ಬೇರೊಂದು ಉಪಕರಣ ಬೇಕು. ತಪ್ಪು ಕಂಡುಬಂದರೆ, ಚಿಪ್ಪಿನ ನೆತ್ತಿಯಲ್ಲಿರುವ ಸ್ಫಟಿಕದ ಕಿಟಕಿಯ ಮೂಲಕ ಅತಿನೇರಳೆ ಬೆಳಕನ್ನು ಹತ್ತಿಪ್ಪತ್ತು ನಿಮಿಷಗಳ ಕಾಲ ಹಾಯಿಸಿ, ಹಳೆಯ ಬರವಣಿಗೆಯನ್ನು ಅಳಿಸಿ, ಮತ್ತೆ ಮೊದಲಿನಿಂದ ಆರಂಭಿಸಬೇಕು. ಒಂದು ಸಣ್ಣ ದೀಪವನ್ನು ಮಿನುಗಿಸಬೇಕೆಂಬ ಆಸೆಯಿಂದ ಕುಳಿತವನು ತಪ್ಪಿಗೊಂದರಂತೆ ಅರ್ಧ ಗಂಟೆಯನ್ನು ತೆರಬೇಕಾಗಿದ್ದಾಗ, ಪ್ರಯೋಗಶೀಲತೆ ಎಂಬುದು ಕಾರ್ಖಾನೆ ಕಾಲೇಜುಗಳ ಆವರಣವನ್ನು ದಾಟಿ ಮನೆಯ ಮೇಜಿನವರೆಗೆ ಬರುವುದು ಕಷ್ಟವೇ ಆಗಿತ್ತು. ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಾದ ಸ್ಮೃತಿಯುಳ್ಳ ಚಿಪ್ಪುಗಳು ೧೯೯೩ರಿಂದೀಚೆಗೆ ಬಂದ ಮೇಲೆ ಆ ಹೊರೆ ತಕ್ಕಮಟ್ಟಿಗೆ ಇಳಿಯಿತು. ನಾರ್ವೆಯ ಟ್ರೋಂಡ್‌ಹೈಮಿನ ಇಬ್ಬರು ವಿದ್ಯಾರ್ಥಿಗಳು, ಬೋಗೆನ್ ಮತ್ತು ವೊಲ್ಲಾನ್, ರೂಪಿಸಿದ ಏವಿಆರ್ ಎಂಬ ರಚನೆಯನ್ನು ಆಟ್ಮೆಲ್ ಸಂಸ್ಥೆಯು ಕೈಗೆತ್ತಿಕೊಂಡು ಚಿಪ್ಪುಗಳನ್ನಾಗಿ ಮಾಡಿದ್ದೂ ಅದೇ ದಶಕದಲ್ಲಿ.

ಹವ್ಯಾಸಿಗೆಂದೇ ಸಿದ್ಧವಾದ ಹಲಗೆಗಳಲ್ಲಿ ಹಿರಿಯದೆನ್ನಬಹುದಾದದ್ದು ಅಮೆರಿಕದ ಪ್ಯಾರಲ್ಯಾಕ್ಸ್ ಸಂಸ್ಥೆಯವರು ೧೯೯೨ರಲ್ಲಿ ಹೊರತಂದ ಬೇಸಿಕ್ ಸ್ಟ್ಯಾಂಪ್. ಅದು ಬೇಸಿಕ್ ಎಂಬ ಸರಳ ಭಾಷೆಯನ್ನು ಅರಿತಿತ್ತು. ಬೇರೆ ಪ್ರೋಗ್ರಾಮರಿನ ಅಗತ್ಯವಿಲ್ಲದೆ ಒಂದು ಕೇಬಲ್ಲಿನಿಂದಲೇ ಕಂಪ್ಯೂಟರಿನ ಮಾತನ್ನು ಕೇಳುತ್ತಿತ್ತು. ಅದರ ಮೊದಲ ಮಾದರಿಗಿದ್ದದ್ದು ಪ್ರೋಗ್ರಾಮಿಗೆ ೨೫೬ ಬೈಟುಗಳ ಜಾಗವಷ್ಟೆ. ಆದರೂ ಅದು ತೆರೆದ ಬಾಗಿಲು ದೊಡ್ಡದು. ಅದರ ಬೆಲೆ ವಿದ್ಯಾರ್ಥಿಯ ಕೈಗೆಟುಕದಷ್ಟಿತ್ತೆಂಬುದೂ, ಅದರ ಅಂತರಂಗವನ್ನು ತಯಾರಕರಲ್ಲದೆ ಇತರರು ತಿದ್ದಲಾಗುತ್ತಿರಲಿಲ್ಲವೆಂಬುದೂ ಉಳಿದಿದ್ದ ಎರಡು ಕೊರತೆಗಳು.

ಒಲಿವೆಟ್ಟಿಯ ಸಂಸ್ಕಾರ, ಅಮೆರಿಕದ ಚಿಪ್ಪಿನ ವಿದ್ಯೆ, ಈ ಎರಡು ಧಾರೆಗಳು ಸಂಗಮಿಸಿದ್ದು ಇವ್ರೇಯಾದಲ್ಲಿ. ಒಲಿವೆಟ್ಟಿಯ ವೈಭವ ಅಸ್ತಮಿಸುತ್ತಿದ್ದ ದಿನಗಳಲ್ಲಿ, ಆ ಸಂಸ್ಥೆಯೂ ಟೆಲಿಕಾಂ ಇಟಾಲಿಯಾವೂ ಕೂಡಿ, ಮನುಷ್ಯನಿಗೂ ಯಂತ್ರಕ್ಕೂ ನಡುವಣ ವ್ಯವಹಾರವನ್ನು ವಿನ್ಯಾಸದ ದೃಷ್ಟಿಯಿಂದ ಕಲಿಸುವ ಶಾಲೆಯೊಂದನ್ನು ಅಲ್ಲಿ ತೆರೆದುವು. ೨೦೦೧ರಿಂದ ಪಾಠಗಳು ನಡೆದುವು. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹುಪಾಲು ಜನ ಇಂಜಿನಿಯರುಗಳಲ್ಲ, ಕಲಾವಿದರು. ಅದೇ ವರ್ಷ ಅಮೆರಿಕದಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ ಎಂಬವರು, ಚಿತ್ರಕಾರರೂ ಸುಲಭವಾಗಿ ಬರೆಯಬಲ್ಲಂಥ ಪ್ರೊಸೆಸಿಂಗ್ ಎಂಬ ಭಾಷೆಯನ್ನು ಆರಂಭಿಸಿದ್ದರು. ಆ ಭಾಷೆಯು ಪರದೆಯ ಮೇಲೆ ಮಾಡುತ್ತಿದ್ದುದನ್ನು ತಂತಿ ದೀಪ ಮೋಟಾರುಗಳ ಲೋಕದಲ್ಲಿಯೂ ಮಾಡಿಸಬಾರದೇಕೆ ಎಂಬ ಪ್ರಶ್ನೆಯನ್ನೆತ್ತಿಕೊಂಡು, ಕೊಲಂಬಿಯಾ ದೇಶದಿಂದ ಬಂದಿದ್ದ ವಿದ್ಯಾರ್ಥಿ ಹೆರ್ನಾಂಡೋ ಬರ್ರಗಾನ್, ೨೦೦೩ರಲ್ಲಿ ತನ್ನ ಪ್ರೌಢಪ್ರಬಂಧದ ಕಾರ್ಯವನ್ನು ಕೈಗೊಂಡನು. ಮಾಸ್ಸಿಮೋ ಬಾಂಜಿಯೂ ಕೇಸಿ ರೀಸನೂ ಆತನ ಮಾರ್ಗದರ್ಶಕರು. ಆತನು ಮಾಡಿದ ಹಲಗೆಗೂ ಭಾಷೆಗೂ ವೈರಿಂಗ್ ಎಂದು ಹೆಸರು. ಚಿಪ್ಪಿನ ಒಳಗಿನ ರಿಜಿಸ್ಟರುಗಳ ಗೊಡವೆಗೆ ಹೋಗದೆ, ಇಂಥ ಪಿನ್ನಿಗೆ ವಿದ್ಯುತ್ತನ್ನು ಕೊಡು, ಇಷ್ಟು ಹೊತ್ತು ತಡೆ, ಅನಂತರ ನಿಲ್ಲಿಸು ಎಂದು ಬಾಯಲ್ಲಿ ಹೇಳುವಷ್ಟೇ ಸಹಜವಾಗಿ ಬರೆಯುವ ಕ್ರಮ ಆತನದು. ಇಂದು ಲೋಕದಾದ್ಯಂತ ಮಕ್ಕಳು ಮೊದಲ ದೀಪವನ್ನು ಮಿನುಗಿಸುವುದು ಆ ಮಾತುಗಳಿಂದಲೇ.

೨೦೦೫ರಲ್ಲಿ ಬಾಂಜಿ, ಸ್ಪೇನಿನ ಡೇವಿಡ್ ಕ್ವಾರ್ಟಿಯೆಲ್ಲೆಸ್, ಡೇವಿಡ್ ಮೆಲ್ಲಿಸ್ ಮೊದಲಾದವರು ವೈರಿಂಗಿನ ಅಡಿಪಾಯದ ಮೇಲೆಯೇ ಇನ್ನೂ ಅಗ್ಗದ ಚಿಪ್ಪನ್ನು ಕೂರಿಸಿ ಹೊಸ ಹಲಗೆಯನ್ನು ಮಾಡಿದರು. ಟಾಮ್ ಐಗೋ ಮತ್ತು ಜಾನ್‌ಲೂಕಾ ಮಾರ್ಟಿನೋ ಜತೆಗೂಡಿದರು. ಹಲಗೆಯ ಬೆಲೆ ಸುಮಾರು ೩೦ ಡಾಲರನ್ನು, ಎಂದರೆ ಒಂದು ಸಂಜೆ ಹೊರಗೆ ಹೋಗಿ ಪೀಜಾ ತಿಂದು ಬರುವ ಖರ್ಚನ್ನು, ಮೀರಬಾರದೆಂದು ಅವರು ನಿಶ್ಚಯಿಸಿಕೊಂಡಿದ್ದರು. ಚಿಪ್ಪಿನೊಳಗೆ ಬೂಟ್‌ಲೋಡರೆಂಬ ಪುಟ್ಟ ಪ್ರೋಗ್ರಾಮೊಂದನ್ನು ಮೊದಲೇ ನೆಲೆಗೊಳಿಸಿ, ಅದು ಕಂಪ್ಯೂಟರಿನಿಂದ ಬಂದ ಬರವಣಿಗೆಯನ್ನು ತಾನೇ ಬರಮಾಡಿಕೊಂಡು ಸ್ಮೃತಿಯಲ್ಲಿ ಬರೆದಿಡುವಂತೆ ಮಾಡಿದ್ದರಿಂದ, ಪ್ರೋಗ್ರಾಮರಿನ ಖರ್ಚು ತಪ್ಪಿತು. ಶಾಲೆ ಮುಚ್ಚುವ ಸೂಚನೆಗಳು ಆಗಲೇ ಕಾಣಿಸಿಕೊಂಡಿದ್ದುವು. ಅದರೊಡನೆ ತಮ್ಮ ಕೆಲಸವೂ ಕಣ್ಮರೆಯಾಗಬಾರದೆಂದು, ಹಲಗೆಯ ನಕ್ಷೆಯನ್ನೂ ಪ್ರೋಗ್ರಾಮನ್ನೂ ಯಾರು ಬೇಕಾದರೂ ನಕಲು ಮಾಡಬಹುದೆಂಬ ಪರವಾನಗಿಯೊಡನೆ ಅವರು ಲೋಕಕ್ಕೆ ಬಿಟ್ಟುಕೊಟ್ಟರು. ತಮಗಾಗಿ ಕಾಯ್ದುಕೊಂಡದ್ದು ಹೆಸರೊಂದನ್ನೇ. ಆ ಹೆಸರಾದರೂ ಅವರು ಸಂಜೆಯ ಹೊತ್ತು ಸೇರುತ್ತಿದ್ದ ಪಾನಗೃಹದ್ದು. ಪಾನಗೃಹಕ್ಕೆ ಅದು ಬಂದದ್ದು ೧೦೦೨ರಲ್ಲಿ ಇಟಲಿಯ ಸಿಂಹಾಸನವೇರಿ ಹೆಚ್ಚು ಕಾಲ ಉಳಿಯಲಾಗದೆ ಇಳಿದ ಇವ್ರೇಯಾದ ಅರಸ ಆರ್ಡುಯಿನೋನಿಂದ.

ಇಲ್ಲಿ ಒಂದು ಮಾತನ್ನು ನಿಂತು ಹೇಳಬೇಕು. ಆರ್ಡುಯಿನೋ ಎಂಬ ಹೆಸರು ದಿಗಂತಕ್ಕೆ ಮುಟ್ಟಿತು; ವೈರಿಂಗ್ ಎಂಬುದನ್ನು ಬಲ್ಲವರು ಕೆಲವರೇ. ಹೊಸ ತಂಡದಲ್ಲಿ ಬರ್ರಗಾನನಿಗೆ ಸ್ಥಾನವಿರಲಿಲ್ಲ. ತೆರೆದ ವಿದ್ಯೆಯನ್ನು ಎತ್ತಿಕೊಳ್ಳುವುದು ತಪ್ಪಲ್ಲ, ಅದು ತೆರೆದಿರುವುದೇ ಅದಕ್ಕಾಗಿ. ಆದರೆ ಎತ್ತಿಕೊಂಡ ಕೈ ಕೊಟ್ಟ ಕೈಯನ್ನು ಹೆಸರಿಟ್ಟು ಸ್ಮರಿಸುವುದು ವಿದ್ಯೆಯ ಧರ್ಮ. ಗುರುಪರಂಪರೆಯನ್ನು ನೆನೆಯದೆ ಪಾಠಕ್ಕೆ ತೊಡಗದ ನಮ್ಮ ಜನಕ್ಕೆ ಈ ಋಣದ ಮಾತು ಅಪರಿಚಿತವಲ್ಲ. ಆ ನೀಲಿ ಹಲಗೆಯನ್ನು ಹಿಡಿದ ಪ್ರತಿಯೊಬ್ಬನೂ ಬರ್ರಗಾನನ ಹೆಸರನ್ನು ಒಮ್ಮೆ ನೆನೆಯಬೇಕೆಂಬುದು ನನ್ನ ಹಂಬಲ.

೨೦೧೦ರಲ್ಲಿ ಬಂದ ಯೂನೋ ಎಂಬ ಮಾದರಿಯೇ ಇಂದು ಅಂಗಡಿಗಳಲ್ಲಿ ಕಾಣುವ ಹಲಗೆ. ಅದರ ವೇಗ ೧೬ ಮೆಗಾಹರ್ಟ್ಸ್, ಚರಸ್ಮೃತಿ ೨ ಕಿಲೋಬೈಟು, ಪ್ರೋಗ್ರಾಮಿಗೆ ೩೨ ಕಿಲೋಬೈಟು. ಪರವಾನಗಿ ಮುಕ್ತವಾಗಿದ್ದುದರಿಂದ ಚೀನಾ ದೇಶದ ಕಾರ್ಖಾನೆಗಳು ಅದರ ಪ್ರತಿರೂಪಗಳನ್ನು ಅಲ್ಪ ಬೆಲೆಗೆ ಮಾಡಿ ಕಳುಹಿಸಿದುವು. ಮೂಲದ ಹಲಗೆಯಲ್ಲಿ ಯುಎಸ್‌ಬಿ ವ್ಯವಹಾರವನ್ನು ನೋಡಿಕೊಳ್ಳುವ ಚಿಪ್ಪಿನ ಬದಲಿಗೆ ಸಿಎಚ್ ೩೪೦ ಎಂಬ ಅಗ್ಗದ ಚಿಪ್ಪು ಅವುಗಳಲ್ಲಿ ಸಾಮಾನ್ಯ. ಎಸ್.ಪಿ. ರಸ್ತೆಯಲ್ಲಿ ಮೂಲವೋ ನಕಲೋ ಎಂದು ಕೇಳಿದಾಗ ಅಂಗಡಿಯವರು ಎರಡನ್ನೂ ಮುಂದಿಟ್ಟು ಎರಡು ಬೆಲೆ ಹೇಳುವುದು ಆ ಮುಕ್ತ ಪರವಾನಗಿಯ ದೂರದ ಫಲ.

ಅನಂತರ ಬಂದ ಹಲಗೆಗಳಲ್ಲಿ ಮುಖ್ಯವಾದುವು ಮೂರು. ಶಾಂಘೈನ ಎಸ್ಪ್ರೆಸಿಫ್ ಸಂಸ್ಥೆಯ ಇಎಸ್‌ಪಿ ೮೨೬೬ ಎಂಬ ಚಿಪ್ಪು, ವೈಫೈಯನ್ನು ತನ್ನೊಳಗೇ ಇಟ್ಟುಕೊಂಡು ಅಚ್ಚರಿಯ ಅಗ್ಗಕ್ಕೆ ೨೦೧೪ರಲ್ಲಿ ಲೋಕದ ಹವ್ಯಾಸಿಗಳ ಕೈಗೆ ಬಂದಿತು. ಅದರ ವಿವರಗಳೆಲ್ಲ ಚೀನೀ ಭಾಷೆಯಲ್ಲಿದ್ದುವು. ಹವ್ಯಾಸಿಗಳು ತಾವಾಗಿಯೇ ಅವನ್ನು ಅನುವಾದಿಸಿಕೊಂಡು, ಮರುವರ್ಷದ ಹೊತ್ತಿಗೆ ಆರ್ಡುಯಿನೋವಿನ ಮಾತುಗಳಿಂದಲೇ ಆ ಚಿಪ್ಪನ್ನೂ ನಡೆಸುವಂತೆ ಮಾಡಿದರು. ೨೦೧೬ರಲ್ಲಿ ಅದರ ತಮ್ಮನಾಗಿ ಇಎಸ್‌ಪಿ ೩೨ ಬಂದಿತು. ಅದೇ ವರ್ಷ ಬ್ರಿಟನ್ನಿನ ಬಿಬಿಸಿಯು, ೨೫ ದೀಪಗಳೂ ಎರಡು ಗುಂಡಿಗಳೂ ಚಲನೆಯನ್ನು ಅರಿಯುವ ಸೆನ್ಸರೂ ಇರುವ ಮೈಕ್ರೋಬಿಟ್ ಎಂಬ ಹಲಗೆಯನ್ನು ಸುಮಾರು ಹತ್ತು ಲಕ್ಷ ಮಕ್ಕಳಿಗೆ ಉಚಿತವಾಗಿ ಹಂಚಿತು. ೨೦೨೧ರಲ್ಲಿ ಕೇಂಬ್ರಿಜಿನ ರಾಸ್ಪ್‌ಬೆರಿ ಪೈ ಬಳಗದವರು ೪ ಡಾಲರಿಗೆ ಪೀಕೋವನ್ನು ಕೊಟ್ಟರು. ಅದರ ಚರಸ್ಮೃತಿ ೨೬೪ ಕಿಲೋಬೈಟು, ಯೂನೋವಿನದಕ್ಕೆ ನೂರ ಮೂವತ್ತೆರಡು ಪಾಲು.

ಹಾಗಾದರೆ ಹೊಸಬನು ಯಾವುದನ್ನು ಆರಿಸಬೇಕು? ಮಾಡಬೇಕಾದ ಕೆಲಸವೇ ಇದರಲ್ಲಿ ಮೊದಲ ಪ್ರಮಾಣ. ತೋಟದ ಮಣ್ಣಿನ ತೇವವನ್ನು ದೂರದ ಮನೆಯಲ್ಲಿ ಕುಳಿತು ತಿಳಿಯಬೇಕೆನ್ನುವವನಿಗೆ ವೈಫೈಯುಳ್ಳ ಇಎಸ್‌ಪಿ ಬೇಕು. ಹಳೆಯ ೫ ವೋಲ್ಟಿನ ಸೆನ್ಸರು ರಿಲೇಗಳನ್ನು ಜೋಡಿಸಿ ಕಲಿಯುವವನಿಗೆ ಯೂನೋ ಹೆಚ್ಚು ಕ್ಷೇಮಕರ. ಏಕೆಂದರೆ ಇಎಸ್‌ಪಿ ಪೀಕೋಗಳ ಪಿನ್ನುಗಳು ೩.೩ ವೋಲ್ಟಿಗೆ ಹೊಂದಿದಂಥವು, ೫ ವೋಲ್ಟನ್ನು ನೇರವಾಗಿ ಕೊಟ್ಟರೆ ಕೆಡುವ ಭಯವಿದೆ. ಬೆಸುಗೆಯ ಕಡ್ಡಿಯನ್ನೇ ಹಿಡಿದಿರದ ಎಳೆಯ ಮಗುವಿಗೆ, ದೀಪ ಗುಂಡಿಗಳೆಲ್ಲ ಮೈಮೇಲೆಯೇ ಇರುವ ಮೈಕ್ರೋಬಿಟ್ ಯುಕ್ತ. ಪೈಥಾನ್ ಭಾಷೆಯನ್ನು ಬಲ್ಲವನಿಗೆ ಪೀಕೋ ಅಗ್ಗವೂ ಸಮರ್ಥವೂ ಆದ ಸಂಗಾತಿ. ಆದರೆ ಕಿಲೋಬೈಟು ಮೆಗಾಹರ್ಟ್ಸುಗಳನ್ನು ಮಾತ್ರ ತೂಗಿ ನೋಡುವವನಿಗೆ, ಯೂನೋವಿನಂಥ ದುರ್ಬಲ ಹಲಗೆ ಇಷ್ಟು ಕಾಲ ಬಾಳಿದ ಮರ್ಮ ತಿಳಿಯಲಾರದು. ನಡುರಾತ್ರಿಯಲ್ಲಿ ದೀಪ ಹೊತ್ತದೆ ಕುಳಿತಾಗ, ಇದೇ ತೊಡಕನ್ನು ಮೊದಲೇ ಅನುಭವಿಸಿ ಬಿಡಿಸಿ ಬರೆದಿಟ್ಟವರು ಎಷ್ಟು ಜನವೆಂಬುದೇ ಹಲಗೆಯ ನಿಜವಾದ ಬಲ. ಹಲಗೆಯನ್ನು ಆರಿಸುವುದೆಂದರೆ ಅದರ ಸುತ್ತ ನೆರೆದ ಸಹವಾಸವನ್ನು ಆರಿಸುವುದು.

ಇದಕ್ಕೆ ಸಾಕ್ಷಿ ಯೂನೋವಿನ ಮೈಮೇಲೆಯೇ ಇದೆ. ಅದರ ಅಂಚಿನ ಪಿನ್ನುಗಳ ನಡುವಣ ಅಂತರ ಸಾಮಾನ್ಯವಾಗಿ ಅಂಗುಲದ ಹತ್ತನೆಯ ಒಂದು ಭಾಗ; ಆದರೆ ೭ ಮತ್ತು ೮ ಎಂಬ ಅಂಕೆಯ ಪಿನ್ನುಗಳ ನಡುವೆ ೦.೧೬ ಅಂಗುಲ. ಮೊದಲ ನಕ್ಷೆಯನ್ನು ಬರೆಯುವಾಗ ಆದ ಕೈತಪ್ಪು ಅದು. ತಪ್ಪು ಗೊತ್ತಾಗುವ ವೇಳೆಗೆ, ಹಲಗೆಯ ನೆತ್ತಿಯ ಮೇಲೆ ಕೂರುವ ಶೀಲ್ಡುಗಳೆಂಬ ಉಪಹಲಗೆಗಳನ್ನು ಎಷ್ಟೋ ಜನ ಅದೇ ಅಳತೆಗೆ ಮಾಡಿಕೊಂಡಿದ್ದರು. ಅಂತರವನ್ನು ತಿದ್ದಿದ್ದರೆ ಅವರೆಲ್ಲರ ದುಡಿಮೆ ವ್ಯರ್ಥವಾಗುತ್ತಿತ್ತು. ಆದುದರಿಂದ ತಿದ್ದಲಿಲ್ಲ. ೨೦೨೩ರಲ್ಲಿ ಒಳಗಿನ ಚಿಪ್ಪನ್ನೇ ಬದಲಿಸಿ ಹೊಸ ಯೂನೋವನ್ನು ಮಾಡಿದಾಗಲೂ ಆ ಓರೆಯ ಅಂತರ ಹಾಗೆಯೇ ಉಳಿಯಿತು. ಹಲಗೆಯನ್ನು ಕೊಂಡು ತಂದ ಹುಡುಗನಿಗೆ ಬೆರಳಿಟ್ಟು ತೋರಿಸಬೇಕಾದದ್ದು ಆ ಸಣ್ಣ ಅಂತರವನ್ನು. ತಮ್ಮನ್ನು ನಂಬಿ ಬಂದ ಅಪರಿಚಿತರ ಕೆಲಸ ಕೆಡದಿರಲೆಂದು ಹಲಗೆಯನ್ನು ಮಾಡಿದವರು ತಮ್ಮದೊಂದು ತಪ್ಪನ್ನು ಹೊತ್ತುಕೊಂಡೇ ನಡೆದದ್ದು ಅಲ್ಲಿ ಕಣ್ಣಿಗೆ ಕಾಣುವಂತಿದೆ.