ಗುಂಡಿಲ್ಲದ ಕಾಡತೂಸು

1857ರ ದಂಗೆಗೆ ಕೊಬ್ಬು ಸವರಿದ ಕಾಡತೂಸು ಕಾರಣವೆಂದು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಆದರೆ ಬಂಗಾಳದ ಬೆಹ್ರಾಂಪುರದಲ್ಲಿ ಫೆಬ್ರವರಿ 26ರಂದು, ಮೀರತ್‌ನಲ್ಲಿ ಏಪ್ರಿಲ್ 24ರಂದು ಸಿಪಾಯಿಗಳು ನಿರಾಕರಿಸಿದ ಕಾಡತೂಸುಗಳಲ್ಲಿ ಕೊಬ್ಬು ಇರಲಿಲ್ಲ, ಗುಂಡೂ ಇರಲಿಲ್ಲ. ಅವು ಕವಾಯತಿಗೆಂದು ಮಾಡಿದ, ಬರಿಯ ಮದ್ದು ತುಂಬಿದ ಕಾಗದದ ಸುರುಳಿಗಳು.

ಅವುಗಳನ್ನು ಮಾಡುವ ಕ್ರಮ ಸರಳವಾದುದು. ಮರದ ಕೋಲಿಗೆ ಕಾಗದವನ್ನು ಸುತ್ತಿ, ಒಂದು ತುದಿಯನ್ನು ಮುಚ್ಚಿ, ಕೋಲನ್ನು ಹೊರತೆಗೆದು, ಅಳೆದ ಮದ್ದನ್ನು ತುಂಬಿ, ಇನ್ನೊಂದು ತುದಿಯನ್ನು ತಿರುಚಿದರೆ ಮುಗಿಯಿತು. ಯುದ್ಧದ ಕಾಡತೂಸಾದರೆ ಅದರೊಳಗೆ ಸೀಸದ ಗುಂಡೂ ಇರುತ್ತಿತ್ತು. ಸಿಪಾಯಿಯು ಕಾಗದದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ಕೋವಿಯ ನಳಿಗೆಗೆ ಸುರಿಯುತ್ತಿದ್ದನು. ಹೊಸ ಎನ್‌ಫೀಲ್ಡ್ ಕೋವಿಯ ನಳಿಗೆಯೊಳಗೆ ಸುರುಳಿಗೆರೆಗಳಿದ್ದವು. ಗುಂಡು ಅದರಲ್ಲಿ ಸಲೀಸಾಗಿ ಇಳಿಯಲೆಂದು ಗುಂಡಿರುವ ಭಾಗದ ಕಾಗದಕ್ಕೆ ಕೊಬ್ಬು ಸವರಲಾಗುತ್ತಿತ್ತು. ಅದು ಯಾವ ಪ್ರಾಣಿಯ ಕೊಬ್ಬೆಂದು ಕಂಪನಿಯ ಅಧಿಕಾರಿಗಳು ವಿಚಾರಿಸಲೇ ಇಲ್ಲ. ನಮ್ಮ ದೃಷ್ಟಿಯಲ್ಲಿ ಮೂಲ ಅಪರಾಧ ಇದೇ. ಜನವರಿಯಲ್ಲಿ ಡಮ್‌ಡಮ್‌ನಿಂದ ಹಂದಿ ಮತ್ತು ಹಸುವಿನ ಕೊಬ್ಬಿನ ಸುದ್ದಿ ಹಬ್ಬಿದ ಮೇಲೆ, ಸಿಪಾಯಿಗಳು ತಾವೇ ತಂದ ಜಿಡ್ಡನ್ನು ಬಳಸಬಹುದೆಂಬ ಆಜ್ಞೆ ಹೊರಟಿತು. ಅಷ್ಟರಲ್ಲಿ ಸಂಶಯವು ಜಿಡ್ಡಿನಿಂದ ಕಾಗದಕ್ಕೇ ದಾಟಿತ್ತು.

ಬೆಹ್ರಾಂಪುರದ 19ನೇ ಪದಾತಿದಳಕ್ಕೆ ದೊರೆತ ಕಾಡತೂಸುಗಳ ಕಾಗದ ಒಂದೇ ಬಣ್ಣದ್ದಾಗಿರಲಿಲ್ಲ. ಸಿಪಾಯಿಗಳು ಕೇಪುಗಳನ್ನು ಸ್ವೀಕರಿಸಲು ಒಪ್ಪಲಿಲ್ಲ. ಕರ್ನಲ್ ಮಿಚೆಲ್ ಅವರಿಗೆ ತಿಳಿಹೇಳುವ ಬದಲು ಗದರಿಸಿದನು. ರಾತ್ರಿಯಲ್ಲಿ ಅಶ್ವದಳವನ್ನೂ ಫಿರಂಗಿಗಳನ್ನೂ ತರಿಸಿದನು. ಮಾರ್ಚ್ 31ರಂದು ಬ್ಯಾರಕ್‌ಪುರದಲ್ಲಿ ಆ ದಳವನ್ನೇ ವಿಸರ್ಜಿಸಲಾಯಿತು.

ಕೊಬ್ಬೇ ಇಲ್ಲದ ಕಾಗದಕ್ಕೆ ಇಷ್ಟು ಹಠವೇಕೆ, ಇದು ಮೂಢನಂಬಿಕೆಯಲ್ಲವೇ ಎಂದು ಕೇಳುವವರಿದ್ದಾರೆ. ಸಿಪಾಯಿಗಳ ಸಂಶಯ ತಪ್ಪಾಗಿತ್ತು, ನಿಜ. ಆದರೆ ಹಲಾಲ್ ಮತ್ತು ಹರಾಮ್‌ಗಳ ನಡುವಿನ ಸಂಶಯಾಸ್ಪದ ವಸ್ತುಗಳಿಂದ ದೂರವಿರಬೇಕೆಂದು ಮದ್ರಸಾದ ಪುಟ್ಟ ಮಕ್ಕಳೂ ಕಲಿಯುತ್ತಾರೆ. ಬಾಯಿಗೆ ತಾಗುವ ವಸ್ತುವಿನ ವಿಷಯದಲ್ಲಿ ಒಮ್ಮೆ ನಂಬಿಕೆ ಕೆಡಿಸಿದವನು ಮರುದಿನ ಸತ್ಯವನ್ನೇ ನುಡಿದರೂ ಕೇಳುವವರಾರು? ಹಿಂದೂ ಸಿಪಾಯಿಗಳ ಸಂಕಟವೂ ಇದಕ್ಕಿಂತ ಕಡಿಮೆಯದಾಗಿರಲಿಲ್ಲ.

ಮೀರತ್‌ನಲ್ಲಿ 3ನೇ ಲಘು ಅಶ್ವದಳದ 90 ಮಂದಿಯನ್ನು ಕರ್ನಲ್ ಕಾರ್ಮೈಕಲ್ ಸ್ಮಿತ್ ಕವಾಯತಿಗೆ ಕರೆದನು. ಹಲ್ಲಿನಿಂದ ಕಚ್ಚಬೇಕಿಲ್ಲ, ಕೈಯಿಂದ ಹರಿದರೆ ಸಾಕೆಂದು ತಿಳಿಸಲಾಯಿತು. ಕಾಡತೂಸುಗಳೂ ಹಳೆಯ ಬಗೆಯವೇ. ಆದರೂ ಐವರು ಮಾತ್ರ ಕೈಯೊಡ್ಡಿದರು. ನಿರಾಕರಿಸಿದ 85 ಮಂದಿಯಲ್ಲಿ 49 ಮುಸ್ಲಿಮರು, 36 ಹಿಂದೂಗಳು. ಸೈನಿಕ ನ್ಯಾಯಾಲಯವು ಹತ್ತು ವರ್ಷಗಳ ಕಠಿಣ ಸಜೆ ವಿಧಿಸಿತು. ಕಿರಿಯರಾದ ಕೆಲವರಿಗೆ ಮಾತ್ರ ಅದನ್ನು ಅರ್ಧಕ್ಕೆ ಇಳಿಸಲಾಯಿತು.

ಮೇ 9ರಂದು ಇಡೀ ಸೇನೆಯ ಎದುರಿನಲ್ಲಿ ಅವರ ಸಮವಸ್ತ್ರವನ್ನು ಕಳಚಿ, ಕಾಲಿಗೆ ಬೇಡಿ ತೊಡಿಸಿದರು. ಅದು ರಮಝಾನ್ ತಿಂಗಳ ನಡುಭಾಗ, ಉತ್ತರ ಹಿಂದೂಸ್ತಾನದ ಬಿರುಬೇಸಗೆ. ಕಮ್ಮಾರರು ಒಬ್ಬೊಬ್ಬರಿಗೂ ಬೇಡಿ ಬಡಿದು ಮುಗಿಸುವವರೆಗೂ ಸಂಗಡಿಗರು ಸಾಲಿನಲ್ಲಿ ನಿಂತು ನೋಡಬೇಕಾಯಿತು. ಮರುದಿನ ಭಾನುವಾರ ಸಂಜೆ ಅವರೇ ಸೆರೆಮನೆಗೆ ನುಗ್ಗಿ 85 ಮಂದಿಯನ್ನೂ ಬಿಡಿಸಿ, ರಾತ್ರಿಯೇ ದೆಹಲಿಯ ದಾರಿ ಹಿಡಿದರು.